ಒಂದು ಕಿವಿ ಮುರಿದ ಕ್ಯಾಸೆಟ್

ಆರು ಪೆಟ್ಟಿಗೆ ಕ್ಯಾಸೆಟ್ಟುಗಳಲ್ಲಿ ಒಂದು ಪೆಟ್ಟಿಗೆಯನ್ನು ಮಾತ್ರ ಹೊಸ ಮನೆಗೆ ತರಬಹುದು ಎಂದು ನಯನಾ ಹೇಳಿಬಿಟ್ಟಿದ್ದಳು. ಅವಳು ಪ್ರದೀಪನ ಹೆಂಡತಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆದರೆ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು. ಪ್ರದೀಪನ ಅಪ್ಪ ವೀರಯ್ಯನವರು ಯಸಳೂರು ಕಡೆಯ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದು ಆ ಫೆಬ್ರವರಿಯಲ್ಲಿ ನಿವೃತ್ತರಾದರು. ಕ್ವಾರ್ಟರ್ಸ್ ಬಿಡಬೇಕಿತ್ತು. ಸಕಲೇಶಪುರದಲ್ಲಿ ಹಿಡಿದಿದ್ದ ಬಾಡಿಗೆ ಮನೆಗೆ ಇದ್ದದ್ದು ಎರಡು ಕೋಣೆ.

ಸಾಮಾನು ಸಾಗಿಸಲು ನಾನು ಜೀಪು ತಂದಿದ್ದೆ. ಜೀಪು ನನ್ನದಲ್ಲ, ಓಡಿಸುವುದು ಮಾತ್ರ ನಾನು. ಬೆಳಿಗ್ಗೆ ಎಂಟಕ್ಕೆ ಹೋದವನನ್ನು ಪ್ರದೀಪ ಮಂಚ, ಬೀರು ಯಾವುದನ್ನೂ ಮುಟ್ಟಲು ಬಿಡದೆ ನೇರ ಒಳಕೋಣೆಗೆ ಕರೆದುಕೊಂಡು ಹೋದ.

"ಇದನ್ನ ಮೊದ್ಲು ಮುಗ್ಸು ಮಾರಾಯ. ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು ಇವೆಲ್ಲ?"

ಗೊತ್ತಿದ್ದದ್ದು ನಿಜ. ಸಕಲೇಶಪುರದ ಹಾಸ್ಟೆಲಿನಲ್ಲಿ ಎರಡು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅರ್ಧದಷ್ಟು ಕ್ಯಾಸೆಟ್ಟುಗಳನ್ನು ಅವನು ನನ್ನ ಜೊತೆಗೇ ಹೋಗಿ ಆರಿಸಿ ತಂದಿದ್ದ. ಯಾವುದರಲ್ಲಿ ಎಷ್ಟನೇ ಹಾಡಿಗೆ ಟೇಪು ಸುತ್ತಿಕೊಳ್ಳುತ್ತದೆ, ಯಾವುದನ್ನು ಪೆನ್ಸಿಲ್ ಹಾಕಿ ತಿರುಗಿಸಿ ಬಿಗಿ ಮಾಡಬೇಕು ಎನ್ನುವುದೆಲ್ಲ ನನಗೆ ಬಾಯಿಪಾಠ.

ನೆಲದ ಮೇಲೆ ಎದುರುಬದುರು ಕೂತೆವು. ಉಳಿಯುವುದು ಅವನ ಬಲಕ್ಕೆ, ಹೋಗುವುದು ನನ್ನ ಬೆನ್ನ ಹಿಂದೆ. ಹೋಗುವುದನ್ನೆಲ್ಲ ಪೇಟೆಯ ನಸ್ರುಲ್ಲಾ ಅವರ ಅಂಗಡಿಗೆ ಒಯ್ಯುವುದೆಂದು ಮಾತಾಗಿತ್ತು. ನಸ್ರುಲ್ಲಾ ಮೊದಲು ಹಾಡು ತುಂಬಿಸಿಕೊಡುವ ಅಂಗಡಿ ಇಟ್ಟಿದ್ದವರು. ಈಗ ಎಂಪಿಥ್ರೀ ಸೀಡಿ ಮಾಡುತ್ತಿದ್ದರೂ ಹಳೆ ಕ್ಯಾಸೆಟ್ಟು ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ.

"ಇದು?" ಎಂದೆ.

"ಇಟ್ಕ."

"ಇದೇ ಹಾಡು ಆ ಹಸ್ರು ಕ್ಯಾಸೆಟ್‌ನಲ್ಲೂ ಐತಲ್ಲೋ."

"ಅದ್ರಲ್ಲಿ ತಬಲ ಸರಿಯಾಗಿ ಕೇಳಲ್ಲ."

"ಇದ್ರಲ್ಲಿ ಏನೂ ಕೇಳಲ್ಲ. ಬೂಷ್ಟು ನೋಡು."

ಟೇಪಿನ ಅಂಚಿನುದ್ದಕ್ಕೂ ಬಿಳಿ ಗೆರೆ. ನಮ್ಮ ಮಳೆಗಾಲ ಯಾವ ಗಾಯಕರನ್ನೂ ಬಿಡುವುದಿಲ್ಲ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಬೆನ್ನ ಹಿಂದೆ ಎಸೆದ. ಮರುಕ್ಷಣ ಕೈಚಾಚಿ ವಾಪಸು ತೆಗೆದುಕೊಂಡ.

ಅಡುಗೆಮನೆಯಿಂದ ನಯನಾ ಕೂಗಿದಳು: "ಧರ್ಮಣ್ಣ, ನೀವೇ ತೆಗ್ದು ಹಾಕಿ. ಅವ್ರ ಕೈಲಿ ಆಗಲ್ಲ. ಹೋದ ಭಾನ್ವಾರ ಇಡೀ ದಿನ ಕೂತಿದ್ರು, ಐದೂವರೆ ಪೆಟ್ಗೆ ಇದ್ದಿದ್ದು ಆರಾಯ್ತು."

"ನೀನು ಪಾತ್ರೆ ಕಟ್ಟು," ಎಂದ ಪ್ರದೀಪ.

"ಪಾತ್ರೆ ನಾನು ಆಗ್ಲೇ ಅರ್ಧ ಮಾಡಿ ಆಯ್ತು. ನಂಗೇನು ಪಾತ್ರೆ ಮೇಲೆ ಪ್ರೀತಿ ಇಲ್ವಾ?"

ಪ್ರದೀಪ ನಕ್ಕ. ಅವನ ನಗು ಚೆನ್ನಾಗಿದೆ. ವೇದಿಕೆಯ ಮೇಲೆ ಅರ್ಧ ಕೆಲಸವನ್ನು ಅದೇ ಮಾಡುತ್ತದೆ. ಹಾಸನದ ಆರ್ಕೆಸ್ಟ್ರಾ ಒಂದರಲ್ಲಿ ಅವನು ಹಾಡುತ್ತಿದ್ದ. ಗಣಪತಿ ಪೆಂಡಾಲು, ಮದುವೆ, ಕನ್ನಡ ಸಂಘದ ವಾರ್ಷಿಕೋತ್ಸವ, ಎಲ್ಲಿಗೆ ಹೋದರೂ ಸ್ಪೀಕರ್ ಪೆಟ್ಟಿಗೆಗಳನ್ನು ಸಾಗಿಸುವವನು ನಾನು. ಆ ಭಾನುವಾರ ಆನೇಮಹಲಿನಲ್ಲಿ ಒಂದು ಕಾರ್ಯಕ್ರಮವಿತ್ತು. ಅದಾದ ಮೇಲೆ ಆರ್ಕೆಸ್ಟ್ರಾ ಬಿಟ್ಟು ತನ್ನದೇ ತಂಡ ಕಟ್ಟುವುದೆಂದು ಅವನು ಹೇಳುತ್ತಿದ್ದ.

"ಹಾಡೋರು ಎಲ್ಲಾದ್ರೂ ಸಿಗ್ತಾರೆ ಕಣೋ. ನಂಬ್ಕೆ ಇರೋನು ಬೇಕು ಜೊತೇಲಿ. ನೀನೊಬ್ಬ ಬಂದ್ರೆ ಸಾಕು."

ನಾನು ಬರುತ್ತೇನೆ ಎಂದೇ ಹೇಳಿದ್ದೆ.

ಹೊರಗಿನಿಂದ ವೀರಯ್ಯನವರು ಮಗನನ್ನು ಕೂಗಿದರು. ಬೀರುವಿನ ಬಾಗಿಲು ಕಳಚಿಕೊಂಡಿತ್ತು. ಪ್ರದೀಪ ಎದ್ದು ಹೋದ. ನಾನು ನಾಲ್ಕನೆಯ ಪೆಟ್ಟಿಗೆಗೆ ಕೈಹಾಕಿದೆ. ತಳದಲ್ಲಿ, ಡಬ್ಬಿಯಿಲ್ಲದ ಬಿಡಿ ಕ್ಯಾಸೆಟ್ಟುಗಳ ನಡುವೆ, ಬಿಳಿ ಬಣ್ಣದ ಒಂದು ಸಿಕ್ಕಿತು. ಹೆಸರಿನ ಚೀಟಿ ಕಿತ್ತು ಹೋಗಿತ್ತು. ಖಾಲಿ ಇರಬೇಕೆಂದು ಬೆನ್ನ ಹಿಂದೆ ಎಸೆಯುವಾಗ ಹೆಬ್ಬೆರಳಿಗೆ ಮೂಲೆಯಲ್ಲಿ ಏನೋ ಗೀರು ತಾಗಿತು.

ಕೈವಾರದ ಮುಳ್ಳಿನಿಂದ ಕೊರೆದ 'ಧ'.

ಆ ಅಕ್ಷರವನ್ನು ಕೊರೆದವನು ನಾನು. ತೊಂಬತ್ತೇಳರ ಆಗಸ್ಟಿನಲ್ಲಿ, ಹಾಸ್ಟೆಲಿನ ಕಿಟಕಿಯ ಪಕ್ಕ ಕೂತು.

ಆಗ ನಾವು ಎರಡನೇ ಪಿಯುಸಿ. ಹಾಸನದ ಆರ್ಕೆಸ್ಟ್ರಾದ ಜಾವೀದ್ ಮಾಸ್ಟರ್ ಹೊಸ ಗಾಯಕರನ್ನು ಹುಡುಕುತ್ತಿದ್ದಾರೆ, ಎರಡು ಹಾಡು ತುಂಬಿಸಿ ಕ್ಯಾಸೆಟ್ ಕಳಿಸಬೇಕಂತೆ ಎಂದು ಸುದ್ದಿ ತಂದವನು ಪ್ರದೀಪನೇ. ಇಬ್ಬರೂ ನಸ್ರುಲ್ಲಾ ಅವರ ಅಂಗಡಿಗೆ ಹೋದೆವು. ಹಿಂದಿನ ಕೋಣೆಯಲ್ಲಿ ಅವರು ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಫ್ಯಾನ್ ನಿಲ್ಲಿಸಿ, ಮೈಕು ಕೊಟ್ಟರು. ನಾನು ಮೊದಲು ಒಂದು ಭಾವಗೀತೆ ಹಾಡಿದೆ. ಎರಡನೆಯದು ನನ್ನ ಅವ್ವನ ಪದ. ಅವ್ವ ಹುಲಿಯಮ್ಮ ಎಸ್ಟೇಟಿನ ಕೂಲಿ ಲೈನಿನವಳು, ಕಾಫಿ ಹಣ್ಣು ಕೀಳುವಾಗ ಹಾಡುತ್ತಿದ್ದಳು. 'ಬುಟ್ಟಿ ತುಂಬಲಿಲ್ಲ, ಹೊತ್ತು ನಿಲ್ಲಲಿಲ್ಲ' ಎಂದು ಕೊನೆಯ ಸಾಲು. ಅದನ್ನು ನಡುವೆ ಉಸಿರು ತೆಗೆದುಕೊಳ್ಳದೆ ಒಂದೇ ಎಳೆಯಲ್ಲಿ ಹೇಳಬೇಕು. ಗಿಡದ ಕೊಂಬೆ ಬಗ್ಗಿಸಿ ಹಿಡಿದವಳು ಬಿಡುವ ತನಕ ಒಂದೇ ಉಸಿರು. ಅದು ಪದದ ಮಟ್ಟಲ್ಲ, ಕೆಲಸದ ಮಟ್ಟು.

ಮುಗಿದ ಮೇಲೆ ನಸ್ರುಲ್ಲಾ ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಣುಕುಗಳಲ್ಲಿ ಒಂದನ್ನು ಸ್ಕ್ರೂಡ್ರೈವರಿನಿಂದ ಚಿಟಕ್ಕನೆ ಮುರಿದರು. ನಮ್ಮಲ್ಲಿ ಅದಕ್ಕೆ ಕಿವಿ ಎನ್ನುತ್ತಿದ್ದರು.

"ಕಿವಿ ಮುರಿದ್ರೆ ಕೆಂಪು ಬಟನ್ ಒಳಕ್ಕೆ ಹೋಗಲ್ಲ. ಇನ್ನು ಇದ್ರ ಮೇಲೆ ಯಾರೂ ಬೇರೆ ತುಂಬ್ಸಕ್ಕಾಗಲ್ಲ," ಎಂದರು. "ಹಿಂದಿನ ಸೈಡ್ ಪೂರಾ ಖಾಲಿ ಐತೆ, ಅದ್ರ ಕಿವಿ ಬಿಟ್ಟಿದ್ದೀನಿ. ಬೇಕಾದ್ರೆ ಅಲ್ಲಿ ಏನಾದ್ರೂ ಹಾಕ್ಕೋ."

ಪ್ರದೀಪನ ಕ್ಯಾಸೆಟ್ಟಿಗೂ ಹಾಗೇ ಮಾಡಿಕೊಟ್ಟರು. ಎರಡೂ ಒಂದೇ ಥರ ಇದ್ದವೆಂದು ನಾನು ನನ್ನದರ ಮೇಲೆ ಅಕ್ಷರ ಕೊರೆದೆ. ಶನಿವಾರ ಪ್ರದೀಪ ಎರಡನ್ನೂ ತೆಗೆದುಕೊಂಡು ಹಾಸನಕ್ಕೆ ಹೋದ. ನನಗೆ ಆ ದಿನ ಎಸ್ಟೇಟಿನ ಸ್ಟೋರಿನಲ್ಲಿ ಕೆಲಸವಿತ್ತು. ರಜೆಯಲ್ಲಿ ಲೈನಿನ ಹುಡುಗರು ಎಸ್ಟೇಟ್ ಕೆಲಸಕ್ಕೆ ಹೋಗುವುದು ವಾಡಿಕೆ, ರೈಟರ ಮಗನಿಗೆ ಆ ವಾಡಿಕೆ ಇರಲಿಲ್ಲ.

ಸೋಮವಾರ ಅವನು ಹಾಸ್ಟೆಲಿಗೆ ಬಂದವನು ಊಟ ಮಾಡಲಿಲ್ಲ. ಬಲವಂತ ಮಾಡಿ ಕೇಳಿದ ಮೇಲೆ ಹೇಳಿದ: "ನನ್ನ ತಗಂಡ್ರು. ನಿಂದು ಪೂರ್ತಿ ಕೇಳಿದ್ರು ಕಣೋ, ಎರಡು ಸಲ. ಹುಡುಗ ಮೂಗಲ್ಲಿ ಹಾಡ್ತಾನೆ, ಅದನ್ನ ತಿದ್ದಕ್ಕಾಗಲ್ಲ ಅಂದ್ರು. ಕ್ಯಾಸೆಟ್ ವಾಪಸ್ ಕೇಳ್ದೆ, ಅಲ್ಲೇ ಇಟ್ಕಂಡ್ರು."

ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಹಾಗಾಗಿ ನಾನೇ ಅವನಿಗೆ ಸಮಾಧಾನ ಹೇಳಿ ಊಟಕ್ಕೆ ಎಬ್ಬಿಸಿದೆ.

ಆ ವಾರ ಹಾಸ್ಟೆಲ್ ಲೈಬ್ರರಿಯಲ್ಲಿ ಮೂಗಿನ ಬಗ್ಗೆ ಏನಿದೆ ಎಂದು ಹುಡುಕಿದೆ. ಕಾದಂಬರಿಗಳ ಹಿಂದೆ ಆರೋಗ್ಯದ ಪುಸ್ತಕವೊಂದಿತ್ತು. ಸ್ವರ ಎಳೆಯುವಾಗ ಮೂಗನ್ನು ಬೆರಳಿನಿಂದ ಮುಚ್ಚಿ ನೋಡಿ, ದನಿ ಬದಲಾದರೆ ಉಸಿರು ಮೂಗಿನಿಂದ ಹೋಗುತ್ತಿದೆ ಎಂದರ್ಥ, ಎಂದು ಅದರಲ್ಲಿತ್ತು. ಮುಚ್ಚಿ ನೋಡಿದೆ. ಬದಲಾಯಿತು ಅನ್ನಿಸಿತು. ಮತ್ತೆ ನೋಡಿದೆ. ಈ ಸಲ ಇಲ್ಲ ಅನ್ನಿಸಿತು. ನೂರು ಸಲ ನೋಡಿದ ಮೇಲೆ ನನ್ನ ದನಿ ಯಾವುದೆಂದೇ ಗೊತ್ತಾಗದೆ ಹೋಯಿತು. ಹಾಸ್ಟೆಲಿನ ಹುಡುಗರಿಗೆ ವಿಷಯ ಹೇಗೋ ತಿಳಿದು ಮೂಗಯ್ಯ ಎಂದು ಕರೆಯತೊಡಗಿದರು. ನಾನು ಹಾಡುವುದನ್ನು ಬಿಟ್ಟೆ. ಆದರೂ ಜೀಪು ಓಡಿಸುವಾಗ ಮರೆತು ಗುನುಗಲು ಶುರುಮಾಡಿದರೆ ಎಡಗೈ ತಾನಾಗಿ ಸ್ಟಿಯರಿಂಗ್ ಬಿಟ್ಟು ಮೂಗಿಗೆ ಹೋಗುತ್ತದೆ. ಏಳು ವರ್ಷವಾಗುತ್ತ ಬಂತು, ಆ ಚಾಳಿ ಹೋಗಿಲ್ಲ.

ಜಾವೀದ್ ಮಾಸ್ಟರ್ ಇಟ್ಟುಕೊಂಡ ಕ್ಯಾಸೆಟ್ಟು ಈಗ ಪ್ರದೀಪನ ಪೆಟ್ಟಿಗೆಯಲ್ಲಿತ್ತು.

ತಿರುಗಿಸಿ ನೋಡಿದೆ. ಒಂದು ಕಿವಿ ಮುರಿದಿತ್ತು, ಒಂದು ಹಾಗೇ ಇತ್ತು. ಮುರಿದ ತೂತಿಗೆ ಕಾಗದ ಮಡಚಿ ತುರುಕಿ, ಮೇಲೆ ಗಮ್ ಟೇಪು ಅಂಟಿಸಲಾಗಿತ್ತು. ತೂತು ಮುಚ್ಚಿದರೆ ಕೆಂಪು ಬಟನ್ ಮತ್ತೆ ಒಳಕ್ಕೆ ಹೋಗುತ್ತದೆ. ಟೇಪು ಹಳದಿಯಾಗಿತ್ತು.

ಕರೆಂಟ್ ಇರಲಿಲ್ಲ. ಮೂಲೆಯಲ್ಲಿದ್ದ ಟೇಪ್ ರೆಕಾರ್ಡರಿನಲ್ಲಿ ಬ್ಯಾಟರಿ ಇತ್ತು. ಹಾಕಿದೆ. ಬ್ಯಾಟರಿ ಇಳಿದಿದ್ದರಿಂದ ದನಿ ಎಳೆದೆಳೆದು, ದಪ್ಪವಾಗಿ ಬಂತು. ಆದರೂ ಯಾರದೆಂದು ತಿಳಿಯದೇ ಇರಲಿಲ್ಲ. ಪ್ರದೀಪ ಹಾಡುತ್ತಿದ್ದ. ನನ್ನ ಅವ್ವನ ಪದ. ತಪ್ಪುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಮೊದಲಿನಿಂದ. ಒಂದು ಕಡೆ ನಿಲ್ಲಿಸಿ ತನಗೆ ತಾನೇ ಹೇಳಿಕೊಂಡ: "ಥೂ, ಇಲ್ಲಿ ಉಸಿರು ತಗಳಲ್ಲ ಅವ್ನು." ಮತ್ತೆ ಹಾಡಿದ. ಮತ್ತೆ ಉಸಿರು ತೆಗೆದುಕೊಂಡ.

ಆ ಪದವನ್ನು ಅವನು ಈಗಲೂ ಪ್ರತಿ ಕಾರ್ಯಕ್ರಮದ ಕೊನೆಗೆ ಹಾಡುತ್ತಾನೆ, 'ನಮ್ಮ ತೋಟದ ಪದ' ಎಂದು ಹೇಳಿ. ಕೊನೆಯ ಸಾಲಿನ ನಡುವೆ ಈಗಲೂ ಉಸಿರು ತೆಗೆದುಕೊಳ್ಳುತ್ತಾನೆ. ಕೀಬೋರ್ಡಿನವರು ಅಲ್ಲಿ ಜೋರಾಗಿ ಬಾರಿಸಿ ಮುಚ್ಚುತ್ತಾರೆ. ವೇದಿಕೆಯ ಪಕ್ಕದಲ್ಲಿ ನಿಂತು ನಾನು ಹೆಮ್ಮೆಪಟ್ಟಿದ್ದೇನೆ.

ಟೇಪು ಓಡುತ್ತಿತ್ತು. ಸುಮಾರು ಹತ್ತು ನಿಮಿಷದ ಮೇಲೆ ಟಕ್ ಎಂಬ ಸದ್ದು. ಅಲ್ಲಿಗೆ ಅವನ ಅಭ್ಯಾಸ ಮುಗಿದಿತ್ತು. ಅದರ ಹಿಂದೆಯೇ ಇನ್ನೊಂದು ದನಿ ನಡುವಿನಿಂದ ಶುರುವಾಯಿತು: '...ಲಿಲ್ಲ, ಹೊತ್ತು ನಿಲ್ಲಲಿಲ್ಲ.' ಆಮೇಲೆ ನಸ್ರುಲ್ಲಾ ಅವರ ಕೆಮ್ಮು. "ಸಾಕಾ?" ಎಂದು ಅವರು ಕೇಳುವುದು. ಮುಗಿಯಿತು. ನನ್ನದೆಂದು ಉಳಿದದ್ದು ಅಷ್ಟೆ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಬ್ಯಾಟರಿ ಇನ್ನಷ್ಟು ಇಳಿದು ದನಿ ಎಮ್ಮೆಯ ಹಾಗೆ ಕೇಳಿತು. ಮೂಗೋ ಅಲ್ಲವೋ, ಅದರಲ್ಲಿ ತಿಳಿಯುವ ಹಾಗಿರಲಿಲ್ಲ.

ಪ್ರದೀಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಇದು ಎಲ್ಲಿಂದ ಬಂತು?" ಎಂದೆ.

"ಯಾವ್ದು?"

"ಹಾಸನದಲ್ಲಿ ಇಟ್ಕಂಡ್ರು ಅಂದಿದ್ದೆ."

ಅವನು ಒಳಗೆ ಬಂದು ಕೂರಲಿಲ್ಲ. "ಆಮೇಲೆ ಯಾವಾಗ್ಲೋ ವಾಪಸ್ ಕೊಟ್ರು. ಹೇಳದು ಮರ್ತೆ. ಏನೋ ಗೊತ್ತಾಗ್ದೆ ಒತ್ಬುಟ್ಟಿರ್ಬೇಕು ಕಣೋ, ಅಳಿಸೋಗೈತೆ. ಆಗೆಲ್ಲ ಎಷ್ಟು ಕ್ಯಾಸೆಟ್ ಹಂಗೆ ಹಾಳಾಗಿಲ್ಲ?"

"ಗೊತ್ತಾಗ್ದೆ ಒತ್ತಿದ್ರೆ ಬಟನ್ ಒಳಕ್ಕೆ ಹೋಗಲ್ಲ. ಕಿವಿ ಮುರಿದಿತ್ತು."

ಕ್ಯಾಸೆಟ್ಟನ್ನು ಹೊರತೆಗೆದು ಅವನ ಮುಂದೆ ಹಿಡಿದೆ.

"ಕಾಗದ ತುರುಕಿದೀಯ. ಗಮ್ ಟೇಪ್ ಹಾಕಿದೀಯ. ಹಿಂದಿನ ಸೈಡ್ ಪೂರ್ತಿ ಖಾಲಿ ಇತ್ತು, ಅದ್ರ ಕಿವಿ ಈಗ್ಲೂ ಸರಿಯಾಗೈತೆ. ಅಲ್ಲಿ ತುಂಬ್ಸಿದ್ರೆ ಏನೂ ತುರುಕೋದೇ ಬೇಕಿರ್ಲಿಲ್ಲ."

ನಾನು ಜೋರಾಗಿ ಮಾತಾಡಲಿಲ್ಲ. ಆದರೂ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಯನಾ ಕೈಯಲ್ಲಿ ಒಂದು ಸೌಟು ಹಿಡಿದು ಬಾಗಿಲಿಗೆ ಬಂದಳು.

"ಏನಂತೆ?" ಎಂದಳು.

"ಏನಿಲ್ಲ, ಹಳೇದು," ಎಂದ ಪ್ರದೀಪ.

"ಮಾಸ್ಟರಿಗೆ ನನ್ನ ಕ್ಯಾಸೆಟ್ ಕೊಟ್ಟೆಯೋ ಇಲ್ವೋ? ಅಷ್ಟು ಹೇಳು."

ಅವನು ಹೆಂಡತಿಯ ಕಡೆ ನೋಡಿದ. ಅಂಗಳದಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಗೋಡೆ ಗಡಿಯಾರ ಇಟ್ಟುಕೊಂಡು ಕೂತಿದ್ದ ಅಪ್ಪನ ಕಡೆ ನೋಡಿದ.

"ಒಬ್ರೇ ಬೇಕು ಅಂದ್ರು ಧರ್ಮ. ಹೋದ ತಕ್ಷಣ ಅದನ್ನೇ ಹೇಳಿದ್ರು. ಬ್ಯಾಗಿಂದ ಕೈ ಒಂದೇ ತೆಗೀತು."

"ಮೂಗಲ್ಲಿ ಹಾಡ್ತಾನೆ ಅಂದಿದ್ದು ಯಾರು?"

"ಏನಾದ್ರೂ ಒಂದು ಹೇಳ್ಬೇಕಿತ್ತಲ್ಲ."

"ಅದನ್ನೇ ಯಾಕೆ ಹೇಳ್ದೆ?"

"ಬಾಯಿಗೆ ಬಂತು, ಹೇಳ್ದೆ. ನೀನು ಅಷ್ಟು ನಂಬ್ತೀಯ ಅಂತ ನಂಗೇನ್ ಗೊತ್ತು?" ಆಮೇಲೆ ತಗ್ಗಿದ ದನಿಯಲ್ಲಿ, "ಎರಡು ದಿನ ಬೇಜಾರಾಗಿ ಮತ್ತೆ ಹಾಡ್ತೀಯ ಅನ್ಕಂಡಿದ್ದೆ. ನೀನು ಬಿಟ್ಟೇಬಿಟ್ಟೆ," ಎಂದ.

ಇದನ್ನೂ ನನ್ನ ತಪ್ಪಿನ ಹಾಗೇ ಹೇಳಿದ.

"ಇದ್ರ ಮೇಲೆ ಯಾಕೆ ತುಂಬ್ಸಿದ್ದು?"

"ಅದು ಇರಬಾರ್ದು ಅನ್ನಿಸ್ತು. ಬಿಸಾಕಕ್ಕೂ ಆಗ್ಲಿಲ್ಲ." ಗೋಡೆಗೆ ಒರಗಿದ. "ನಿನ್ನೇನು ಕೈಬಿಟ್ನಾ ನಾನು? ಎಲ್ಲಾ ಪ್ರೋಗ್ರಾಮಿಗೂ ನಿನ್ನ ಗಾಡೀನೇ ಹೇಳ್ಳಿಲ್ವಾ?"

ಈ ಮಾತು ಬರುವ ತನಕ ನನಗೆ ಕೋಪ ಬಂದಿರಲಿಲ್ಲ. ಗಾಡಿಯ ಬಾಡಿಗೆ, ಕಾರ್ಯಕ್ರಮದ ಊಟ, ಎಲ್ಲರೆದುರು ಹೆಗಲ ಮೇಲೆ ಕೈಹಾಕಿ 'ನಮ್ಮ ಧರ್ಮ' ಎನ್ನುವುದು, ಎಲ್ಲವೂ ನನಗೆ ಸ್ನೇಹವಾಗಿ ಕಂಡಿದ್ದವು. ಅವು ಪರಿಹಾರವಾಗಿದ್ದವು. ಕೊಡುವವನಿಗೆ ಗೊತ್ತಿತ್ತು, ತೆಗೆದುಕೊಳ್ಳುವವನಿಗೆ ಗೊತ್ತಿರಲಿಲ್ಲ.

ನಯನಾ ಸೌಟನ್ನು ಕೆಳಗಿಟ್ಟಳು. "ಇವ್ರು ಮೂಗಯ್ಯ ಅಂತ ನಿಮ್ಮನ್ನ ನನ್ನೆದ್ರುಗೇ ಎಷ್ಟು ಸಲ ಕರ್ದಿದಾರೆ," ಎಂದಳು, ಅವನ ಕಡೆ ತಿರುಗಿ ನೋಡದೆ. "ನಾನೂ ನಕ್ಕಿದೀನಿ."

ಕ್ಯಾಸೆಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಎದ್ದು ಮಂಚದ ಒಂದು ತುದಿ ಹಿಡಿದೆ. ಇನ್ನೊಂದು ತುದಿ ಹಿಡಿಯಲು ಅವನು ಬರಬೇಕಾಯಿತು. ಒಪ್ಪಿಕೊಂಡ ಕೆಲಸ, ಮುದುಕರು ಬಿಸಿಲಲ್ಲಿ ಕೂತಿದ್ದರು, ಮನೆ ಖಾಲಿ ಮಾಡಿಕೊಡಬೇಕಿತ್ತು. ಸಾಮಾನು ತುಂಬಿದೆವು. ಸಕಲೇಶಪುರದ ತನಕ ವೀರಯ್ಯನವರು ನನ್ನ ಪಕ್ಕದಲ್ಲಿ ಕೂತು ಎಸ್ಟೇಟಿನ ಹೊಸ ರೈಟರ್ ಎಷ್ಟು ದಡ್ಡ ಎಂದು ವಿವರಿಸಿದರು. ಹಿಂದೆ ನಯನಾ ಪಾತ್ರೆಗಳ ಜೊತೆ ಕೂತಿದ್ದಳು, ಪ್ರದೀಪ ಬೀರುವನ್ನು ಹಿಡಿದುಕೊಂಡು ನಿಂತಿದ್ದ. ಕನ್ನಡಿಯಲ್ಲಿ ಅವನ ಮೊಣಕೈ ಮಾತ್ರ ಕಾಣುತ್ತಿತ್ತು.

ಎಲ್ಲ ಇಳಿಸಿ ಆದ ಮೇಲೆ ಅವನು ಒಂದೇ ಪೆಟ್ಟಿಗೆ ಕ್ಯಾಸೆಟ್ಟನ್ನು ಎತ್ತಿಕೊಂಡ. ಅದರಲ್ಲಿ ಏನೇನಿದೆ ಎಂದು ನೋಡಲೂ ಇಲ್ಲ. ಉಳಿದ ಐದು ಜೀಪಿನಲ್ಲೇ ಇದ್ದವು.

"ಭಾನ್ವಾರ ಬರ್ತೀಯಲ್ಲ, ಆನೇಮಹಲ್‌ಗೆ?" ಎಂದ.

"ಬೇರೆ ಗಾಡಿ ನೋಡ್ಕ."

"ಬೇರೆ ಗಾಡಿ ಅಂದ್ರೆ ಇಷ್ಟು ಬೇಗ..."

"ಆ ಪದ ಹಾಡ್ಬೇಡ. ಭಾನ್ವಾರಾನೂ ಬೇಡ, ಆಮೇಲೂ ಬೇಡ."

"ಜನ ಕೇಳ್ತಾರೆ ಕಣೋ."

"ಮೂಗು ಕಟ್ಟೈತೆ ಅನ್ನು."

ನಯನಾ ಒಳಗಿನಿಂದ ಇದನ್ನು ಕೇಳಿಸಿಕೊಂಡಳು. ನಗಲಿಲ್ಲ.

ನಸ್ರುಲ್ಲಾ ಅವರ ಅಂಗಡಿಯ ಹೊರಗೆ ಐದು ಪೆಟ್ಟಿಗೆ ಇಳಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೇಲುಮೇಲೆ ನೋಡಿದರು. "ಅರ್ಧಕ್ಕೆ ಬೂಷ್ಟು. ಹೊಸ ಮನೆಗೆ ಏನು ಒಯ್ದ ಮತ್ತೆ?"

"ಗೊತ್ತಿಲ್ಲ. ಒಂದು ಹಾಕಿ ಕೇಳ್ಬೇಕಿತ್ತು."

ಜೇಬಿನಿಂದ ತೆಗೆದುಕೊಟ್ಟೆ. ಅವರು ಮಾಡಿದ ಮೊದಲ ಕೆಲಸ ಕಿವಿಗಳನ್ನು ನೋಡಿದ್ದು. ಗಮ್ ಟೇಪನ್ನು ಉಗುರಿನಿಂದ ಎಬ್ಬಿಸಿ ಕಿತ್ತರು, ಮಡಚಿದ ಕಾಗದವನ್ನು ಪಿನ್ನಿನಿಂದ ಹೊರಗೆಳೆದರು. ಯಾಕೆ ಏನು ಎಂದು ಕೇಳಲಿಲ್ಲ. ದೊಡ್ಡ ಡೆಕ್ಕಿಗೆ ಹಾಕಿ, ನಾನು ಹೇಳಿದ ಜಾಗಕ್ಕೆ ಓಡಿಸಿದರು. ಪ್ರದೀಪನ ಕೊನೆಯ ಸಾಲು, ಟಕ್, ಆಮೇಲೆ ನಾನು. ಈ ಸಲ ದನಿ ಸರಿಯಾದ ವೇಗದಲ್ಲಿತ್ತು. ಅದು ಹದಿನೇಳು ವರ್ಷದ ಯಾರದೋ ದನಿ. ಅವನು ನಡುವೆ ಉಸಿರು ತೆಗೆದುಕೊಳ್ಳಲಿಲ್ಲ.

"ಇದು ನನ್ನ ಕೆಮ್ಮು," ಎಂದರು ನಸ್ರುಲ್ಲಾ.

"ಮೂಗಲ್ಲಿ ಹಾಡಿದೀನಾ?"

ಇನ್ನೊಮ್ಮೆ ಹಾಕಿದರು. ತಲೆ ಓರೆ ಮಾಡಿ ಕೇಳಿದರು. ಮತ್ತೊಮ್ಮೆ ಹಾಕಿದರು. ಅವರು ಸುಳ್ಳು ಹೇಳುವವರಲ್ಲ. ಒಬ್ಬ ಉಪಾಧ್ಯಾಯರಿಗೆ ಅವರ ಮುಖದೆದುರೇ ಹಾಡಬೇಡಿ ಎಂದು ಹೇಳಿದ್ದನ್ನು ನಾನು ನೋಡಿದ್ದೆ.

"ಇಷ್ಟ್ರಲ್ಲಿ ಏನು ಹೇಳಕ್ಕಾಗುತ್ತೆ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗಿಯುತ್ತೆ," ಎಂದರು. "ಅದ್ಯಾಕೆ, ನೀನೇ ಇದ್ದೀಯಲ್ಲ. ಹಾಡು, ಹೇಳ್ತೀನಿ."

"ಈಗ್ಲಾ?"

"ಮತ್ತೆ ಯಾವಾಗ?"

ಎದ್ದು ಹೋಗಿ ಫ್ಯಾನ್ ನಿಲ್ಲಿಸಿದರು. ರಸ್ತೆಯ ಕಡೆಯ ಶಟರನ್ನು ಅರ್ಧ ಎಳೆದರು. ಹೊರಗೆ ಹಾಸನದ ಬಸ್ಸು ಹಾರನ್ ಹೊಡೆದು ಹೋಯಿತು. ಅದು ದೂರ ಹೋಗುವ ತನಕ ಇಬ್ಬರೂ ಕಾದೆವು. ಎದೆ ತುಂಬ ಉಸಿರು ಎಳೆದುಕೊಂಡೆ. ಪದದ ಮೊದಲ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ.

ನಸ್ರುಲ್ಲಾ ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡುತ್ತಿದ್ದರು.

"ಮೊದ್ಲು ಆ ಮೂಗಿಂದ ಕೈ ತೆಗಿ," ಎಂದರು.